ಗಡಿ ದಾಟಿದ ನಾಲಿಗೆ

ಪ್ರತಿ ಬಡಾವಣೆಗೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಮನೆತನದ ಪಾಲಿಗೆ ಬಂದವರು ನನ್ನ ಹೆಂಡತಿಯ ಅಕ್ಕನ ಯಜಮಾನರು, ಅಂದರೆ ನನ್ನ ಷಡ್ಡಕರು. ಸರ್ಕಾರಿ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತಿ, ಬನಶಂಕರಿ ಎರಡನೇ ಹಂತದಲ್ಲಿ ಸ್ವಂತ ಮನೆ, ಮನೆಯಲ್ಲಿ ಎರಡು ನೀರಿನ ಫಿಲ್ಟರು. ಒಂದು ಸಾಲದೇ ಎಂದು ಯಾರಾದರೂ ಕೇಳಿದರೆ, "ಕನ್‌ಕರೆಂಟ್ ಆಡಿಟ್ ಆದ್ಮೇಲೂ ಸ್ಟ್ಯಾಚುಟರಿ ಆಡಿಟ್ ಇರುತ್ತಲ್ರೀ" ಎನ್ನುತ್ತಾರೆ.

ಬೆಂಗಳೂರಿನ ರಸ್ತೆ ಬದಿಯಲ್ಲಿ ಅವರು ಏನನ್ನಾದರೂ ಬಾಯಿಗೆ ಹಾಕಿದ್ದನ್ನು ಕಂಡವರಿಲ್ಲ. ಗಾಂಧಿ ಬಜಾರಿನಲ್ಲಿ ಬೋಂಡದ ಗಾಡಿ ಮುಂದೆ ನಿಲ್ಲುತ್ತಾರೆ, ನಿಜ. ಆದರೆ ಅದು ತಪಾಸಣೆಗೆ. ಬಾಣಲೆಯೊಳಗೆ ಬಗ್ಗಿ ಎಣ್ಣೆಯ ಬಣ್ಣ ನೋಡಿ, "ಇದು ನಿನ್ನೇದೋ ಮೊನ್ನೇದೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ. ಒಮ್ಮೆ ಪಾನಿಪೂರಿ ಹುಡುಗನ ಹತ್ತಿರ ಆಹಾರ ಸುರಕ್ಷತೆಯವರು ಕೊಡುವ 14 ಅಂಕಿಯ ನೋಂದಣಿ ನಂಬರು ಕೇಳಿದರು. ಅವನು ಪಾಪ, ನಂಬರು ಅಂದಕೂಡಲೆ ದುಡ್ಡು ಕಳಿಸುತ್ತಾರೆಂದು ತಿಳಿದು ಸ್ಕ್ಯಾನರಿನ ಬೋರ್ಡನ್ನು ಇವರ ಕಡೆಗೆ ತಿರುಗಿಸಿದ.

2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಣ್ಣದ ಬೊಂಬಾಯಿ ಮಿಠಾಯಿ ಮಾರಬಾರದು ಎಂದು ಆದೇಶ ಹೊರಡಿಸಿತಲ್ಲ, ಆವತ್ತು ಷಡ್ಡಕರ ಮುಖದಲ್ಲಿ ಕಂಡ ತೃಪ್ತಿ ಅವರಿಗೆ ಬಡ್ತಿ ಬಂದ ದಿನವೂ ಕಂಡಿರಲಿಲ್ಲ. ಪೇಪರಿನ ತುಣುಕು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅವರ ರಸ್ತೆಯ ತಿರುವಿನಲ್ಲಿ ಸಂಜೆ ನಿಲ್ಲುವ ಗಾಡಿಗಳನ್ನು ಎತ್ತಿಸಬೇಕೆಂದು ವಾರ್ಡ್ ಆಫೀಸಿಗೆ ಅರ್ಜಿ ಕೊಟ್ಟವರೂ ಅವರೇ. ಬೀದಿ ವ್ಯಾಪಾರಿಗಳಿಗೆಂದೇ 2014ರಲ್ಲಿ ಕಾಯ್ದೆ ಬಂದಿದೆಯಲ್ಲ ಎಂದು ನಾನೊಮ್ಮೆ ಮೆಲ್ಲಗೆ ಹೇಳಿದೆ. "ಕಾಯ್ದೆ ಅವರಿಗಿರಲಿ, ಫುಟ್‌ಪಾತ್ ನಮಗಿರಲಿ" ಎಂದರು. ಚಳಿಗಾಲದಲ್ಲಿ ಅವರೆಕಾಯಿ ಕಾಲ ಬಂದು ನಾವೆಲ್ಲ ವಿ.ವಿ. ಪುರದ ತಿಂಡಿ ಬೀದಿಗೆ ಹೊರಟರೆ ಅವರೂ ಬರುತ್ತಾರೆ. ಬಂದು ಸಜ್ಜನ್ ರಾವ್ ವೃತ್ತದ ಹತ್ತಿರ ಬಿಸ್ಲೇರಿ ಬಾಟಲಿ ಹಿಡಿದು ನಿಂತು, ನಾವು ಅವರೆಬೇಳೆ ದೋಸೆ ಮುಗಿಸಿ ಬರುವ ತನಕ ನಮ್ಮ ಚಪ್ಪಲಿ ಕಾಯುವವರ ಮುಖ ಮಾಡಿಕೊಂಡಿರುತ್ತಾರೆ.

ಈ ಮನುಷ್ಯನ ಪಾಸ್‌ಪೋರ್ಟಿನ ಮೇಲೆ ಠಸ್ಸೆ ಬಿದ್ದ ಕ್ಷಣದಲ್ಲಿ ಒಳಗೆ ಅದೇನು ಕಳಚಿಕೊಳ್ಳುತ್ತದೋ ದೇವರೇ ಬಲ್ಲ. ವಿಮಾನ ಇಳಿದ ಸಂಜೆಯೇ ಅವರಿಗೆ ಗಾಡಿ ಬೇಕು. ಹೊಗೆ ಬೇಕು, ಪ್ಲಾಸ್ಟಿಕ್ ಸ್ಟೂಲು ಬೇಕು. ಛಾವಣಿ ಇರುವ ಹೋಟೆಲು ಕಂಡರೆ ಮೂಗು ಮುರಿಯುತ್ತಾರೆ. "ಒಂದು ದೇಶ ಅರ್ಥ ಆಗ್ಬೇಕಂದ್ರೆ ಅಲ್ಲಿನ ಬೀದೀಲಿ ತಿನ್ಬೇಕು ಕಣ್ರೀ" ಎನ್ನುತ್ತಾರೆ. ತಮ್ಮ ದೇಶ ಅವರಿಗೆ ಹೇಗೆ ಅರ್ಥವಾಯಿತೆಂದು ನಾನು ಕೇಳಲಿಲ್ಲ. ಷಡ್ಡಕರ ಸಂಬಂಧ ಬಹಳ ನಾಜೂಕಿನದು.

ಈ ವಿದ್ಯೆಯೆಲ್ಲ ಅವರಿಗೆ ಮೊಬೈಲಿನಿಂದ ಬಂದದ್ದು. ಹೊರಡುವ ಮೊದಲು ಊಟದ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು, ಅತ್ತಿಗೆ ಬಡಿಸಿದ ಹುಳಿಯನ್ನ ಕಲಸುತ್ತ, ಯಾರೋ ಬಿಳಿಯ ಹುಡುಗ ಕಣ್ಣು ಮುಚ್ಚಿ ನೂಡಲ್ಸ್ ಹೀರುವುದನ್ನು ನೋಡುತ್ತಿದ್ದರಂತೆ. ಅವರ ಅಸ್ತ್ರಗಳಲ್ಲಿ ಬ್ರಹ್ಮಾಸ್ತ್ರ ಒಬಾಮಾ. 2016ರಲ್ಲಿ ಒಬಾಮಾ ಮತ್ತು ಟಿ.ವಿ. ಬಾಣಸಿಗ ಆಂಟನಿ ಬೋರ್ಡೇನ್ ವಿಯೆಟ್ನಾಮಿನ ಹನೋಯಿಯಲ್ಲಿ ಒಂದು ಸಣ್ಣ ಹೋಟೆಲಿಗೆ ಹೋಗಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬುನ್ ಚಾ ತಿಂದರು. ಹೋಟೆಲಿನವರು ಆ ಮೇಜಿಗೆ ಆಮೇಲೆ ಗಾಜಿನ ಪೆಟ್ಟಿಗೆ ಮಾಡಿಸಿ ದರ್ಶನಕ್ಕಿಟ್ಟಿದ್ದಾರೆ. "ಅಮೆರಿಕದ ಪ್ರೆಸಿಡೆಂಟೇ ಸ್ಟೂಲ್ ಮೇಲೆ ಕೂತಿದಾರೆ, ಬಿಲ್ಲೆಷ್ಟು ಗೊತ್ತಾ? ಆರು ಡಾಲರು!" ಎಂದು ಷಡ್ಡಕರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ಬುನ್ ಚಾ ಎಂದರೆ ಸುಟ್ಟ ಹಂದಿ ಮಾಂಸ ಎಂಬ ಅಂಶವನ್ನು ಮಾತ್ರ ಸಭೆಯ ಮುಂದೆ ಇಡುವುದಿಲ್ಲ. ಇಡುವುದು ಕಷ್ಟ. ಏಕೆಂದರೆ ಷಡ್ಡಕರು ಶುದ್ಧ ಸಸ್ಯಾಹಾರಿ. ಕೇಕಿನೊಳಗಿನ ಮೊಟ್ಟೆ ಲೆಕ್ಕಕ್ಕಿಲ್ಲ ಎಂಬ ಒಂದು ರಿಯಾಯಿತಿಯನ್ನು ಬಿಟ್ಟರೆ ಬೇರೆ ದೋಷವಿಲ್ಲ.

ನಾವು ಹೋದದ್ದು ಥಾಯ್ಲೆಂಡ್, ಮಲೇಷಿಯಾ, ಸಿಂಗಾಪುರಕ್ಕೆ. ಕನ್ನಡಿಗರೇ ತುಂಬಿದ ಒಂದು ಗುಂಪಿನ ಜೊತೆ. ಇಂಥ ಗುಂಪುಗಳಲ್ಲಿ ಅಡುಗೆಯವರೂ ಜೊತೆಗೇ ಬರುತ್ತಾರೆ. ಬ್ಯಾಂಕಾಕಿನ ಹೋಟೆಲೊಂದರ ಹಿಂಬದಿಯ ಕೋಣೆಯಲ್ಲಿ ತಿಳಿಸಾರು ಕುದಿಯುತ್ತದೆ, ಹಪ್ಪಳ ಕರಿಯುತ್ತದೆ, ಮೊಸರನ್ನಕ್ಕೆ ಒಗ್ಗರಣೆ ಬೀಳುತ್ತದೆ. ಇದಲ್ಲದೆ ಅತ್ತಿಗೆಯ ಸೂಟ್‌ಕೇಸಿನಲ್ಲಿ ಹುರಿದ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಓಮದ ಪುಡಿ. ಇಷ್ಟೆಲ್ಲ ಇರುವಾಗ ಷಡ್ಡಕರು ಮೊದಲ ರಾತ್ರಿಯೇ ಘೋಷಿಸಿದರು: "ಸಮುದ್ರ ದಾಟಿ ಬಂದಿರೋದು ಸಾರನ್ನ ತಿನ್ನೋಕಾ?" ಘೋಷಿಸಿ, ಹೊಟ್ಟೆಗೆ ಒಂದು ಆಧಾರವಿರಲಿ ಎಂದು ಎರಡು ಸಲ ಸಾರನ್ನ, ಒಂದು ಸಲ ಮೊಸರನ್ನ ಮುಗಿಸಿ, ನಮ್ಮನ್ನು ಯಾವೊರಾತ್‌ಗೆ ಹೊರಡಿಸಿದರು.

ಯಾವೊರಾತ್ ಬ್ಯಾಂಕಾಕಿನ ಚೀನೀ ಪೇಟೆ. ಹಗಲಿನಲ್ಲಿ ಚಿನ್ನದಂಗಡಿಗಳ ರಸ್ತೆ. ಸಂಜೆಯಾದರೆ ಅಂಗಡಿಗಳ ಮುಂದೆ ಗಾಡಿಗಳು ಬಂದು ನಿಂತು, ರಸ್ತೆಯ ಅಂಚಿನಲ್ಲೇ ಮೇಜು ಕುರ್ಚಿ ಬಿದ್ದು, ಬಾಣಲೆಗಳ ಕೆಳಗೆ ಬೆಂಕಿ ಏಳುತ್ತದೆ. 2017ರಲ್ಲಿ ಬ್ಯಾಂಕಾಕಿನ ನಗರಾಡಳಿತ ಕಾಲುದಾರಿಯ ಗಾಡಿಗಳನ್ನು ತೆರವು ಮಾಡಿಸಲು ಹೊರಟಾಗ ಜಗತ್ತಿನ ತಿಂಡಿಪ್ರಿಯರೆಲ್ಲ ಬೊಬ್ಬೆ ಹೊಡೆದರು. ಯಾವೊರಾತ್ ಮತ್ತು ಖಾವೊ ಸಾನ್ ರಸ್ತೆಗಳ ಗಾಡಿಗಳು ಉಳಿದುಕೊಂಡವು. ಈ ಸಂಗತಿಯನ್ನು ಷಡ್ಡಕರು ನನಗೆ ಹೇಳಿದ್ದು ಬಹಳ ನೊಂದುಕೊಂಡು. "ಎಂಥಾ ಸಂಸ್ಕೃತೀನ ಎತ್ತಂಗಡಿ ಮಾಡೋಕೆ ಹೊರಟಿದ್ರು ನೋಡಿ. ಅಧಿಕಾರಿಗಳಿಗೆ ಹೃದಯ ಇರಲ್ಲ." ವಾರ್ಡ್ ಆಫೀಸಿನ ಅರ್ಜಿಯ ಪ್ರತಿ ಅವರ ಫೋನಿನಲ್ಲೇ ಇದ್ದಿರಬೇಕು.

ಗಾಡಿ ಆರಿಸಲು ಅವರ ಹತ್ತಿರ ಒಂದು ಸೂತ್ರವಿದೆ. ಉದ್ದನೆಯ ಕ್ಯೂ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು, ಏನು ಎತ್ತ ಕೇಳಬಾರದು. ಹಾಗೇ ನಿಂತೆವು. ಕ್ಯೂ ಕರಗುತ್ತ ಬಂದು, ಮೆಣಸಿನ ಘಾಟು ಮೂಗಿಗೆ ಬಡಿಯುವಷ್ಟು ಹತ್ತಿರವಾದ ಮೇಲೆ ಗೊತ್ತಾಯಿತು, ಅದು ಕ್ವಾಯ್ ಜಾಪ್ ಅಂಗಡಿ: ಹಂದಿಯ ಕರುಳು, ಈಲಿ ಎಲ್ಲ ಹಾಕಿದ ಮೆಣಸಿನ ಸಾರು. ಅಷ್ಟರಲ್ಲಿ ನಮ್ಮ ಮುಂದೆ ನಿಂತಿದ್ದ ಗಂಡಹೆಂಡಿರು ಹಿಂದೆ ತಿರುಗಿ, "ಸಾರ್, ಇಲ್ಲಿ ಏನು ಸಿಗುತ್ತೆ? ನೀವು ನಿಂತಿದ್ದು ನೋಡಿ ನಾವೂ ಮುಂದೆ ಹೋಗದೆ ಉಳಿದ್ವಿ" ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ಮಲ್ಲೇಶ್ವರದವರಂತೆ. ಷಡ್ಡಕರ ಮುಖ ಆಗ ನೋಡಬೇಕಿತ್ತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕೈ ಹಿಂದೆ ಕಟ್ಟಿ, "ಛೆ ಛೆ, ನಾವೇನೂ ತಿನ್ನೋಕಲ್ಲ. ನಮ್ಮದು ಗುಂಪಿನಲ್ಲೇ ಊಟ ಆಯ್ತು. ಸುಮ್ನೆ ಹೀಗೇ, ಅಬ್ಸರ್ವೇಶನ್ನು" ಎಂದು ಬೋಂಡದ ಬಾಣಲೆ ನೋಡುವ ಹಳೆಯ ಕಣ್ಣಿನಿಂದ ಅಂಗಡಿಯನ್ನು ನೋಡಿದರು.

ನನಗೆ ಆ ಹೊತ್ತಿಗೆ ಈ ಜಾತಿಯ ಗುಟ್ಟು ಸ್ವಲ್ಪ ಹತ್ತಿತು. ನಮ್ಮೂರಿನ ಗಾಡಿಗೂ ಇವರಿಗೂ ನಡುವೆ ಅಡ್ಡ ನಿಂತಿರುವುದು ಎಣ್ಣೆಯೂ ಅಲ್ಲ, ನೀರೂ ಅಲ್ಲ, ಕೃತಕ ಬಣ್ಣವೂ ಅಲ್ಲ. ನಿಂತಿರುವವರು ಆ ಪ್ರಸಿದ್ಧ ನಾಲ್ಕು ಜನ. ಹಳೆಯ ಗಿರಾಕಿ ನೋಡಿದರೆ? ಕೈಕೆಳಗಿದ್ದ ಗುಮಾಸ್ತ ಸ್ಕೂಟರ್ ನಿಲ್ಲಿಸಿ "ನಮಸ್ಕಾರ ಸಾರ್" ಅಂದರೆ? ಪೂರಿ ಬಾಯಲ್ಲಿಟ್ಟುಕೊಂಡು ಮ್ಯಾನೇಜರಿಕೆ ಉಳಿಸಿಕೊಳ್ಳುವುದು ಸುಲಭವಲ್ಲ. ಬ್ಯಾಂಕಾಕಿನಲ್ಲಿ ಆ ನಾಲ್ಕು ಜನ ಇಲ್ಲ. ಅಥವಾ ಇಲ್ಲವೆಂದು ನಂಬಿದ್ದಷ್ಟು ಹೊತ್ತು ಷಡ್ಡಕರು ಬಾಯಿಂದ ರಸ ಸೋರಿಸಿಕೊಂಡು, ಅಂಗಿಯ ತೋಳಿನಲ್ಲಿ ಒರೆಸಿಕೊಂಡು, ಹತ್ತು ವರ್ಷದ ಹುಡುಗರಾಗಿರುತ್ತಾರೆ. ಆ ಹುಡುಗನ ಮೇಲೆ ನನಗೆ ಪ್ರೀತಿಯೇ ಇದೆ. ಕಷ್ಟ ಬರುವುದು ಹುಡುಗ ಭಾಷಣ ಶುರುಮಾಡಿದಾಗ.

ಪದ್ ಥಾಯ್ ಗಾಡಿಯ ಮುಂದೆ ಭಾಷಣ ಶುರುವಾಯಿತು. "ಇದು ಸರ್ಕಾರಿ ಸ್ಕೀಮು ಕಣ್ರೀ" ಎಂದರು. ವಿಷಯ ಸುಳ್ಳಲ್ಲ. ಸಯಾಮ್ ಎಂಬ ಹೆಸರು ಹೋಗಿ ಥಾಯ್ಲೆಂಡ್ ಎಂದಾದದ್ದು 1939ರಲ್ಲಿ, ಪಿಬುನ್‌ಸಂಗ್ರಾಮ್ ಪ್ರಧಾನಿಯಾಗಿದ್ದಾಗ. ದೇಶಕ್ಕೊಂದು ತಿಂಡಿಯೂ ಇರಲಿ ಎಂದು ಈ ಅಕ್ಕಿ ನೂಡಲ್ಸನ್ನು ಜನರ ಮೇಲೆ ಪ್ರೀತಿಯಿಂದ ಹೇರಿದ್ದೂ ಆ ಕಾಲದ ಅವರ ಸರ್ಕಾರವೇ. ಇದನ್ನೆಲ್ಲ ಹೇಳಿ ಮುಗಿಸಿ ಷಡ್ಡಕರು ಗಾಡಿಯಾಕೆಗೆ, "ನೋ ಮೀಟ್, ನೋ ಎಗ್, ನೋ ಫಿಶ್ ಸಾಸ್" ಎಂದು ಬೆರಳು ಮಡಿಸಿ ಮಡಿಸಿ ಹೇಳಿದರು. ಆಕೆ ಬಲು ಚೆಂದವಾಗಿ ನಕ್ಕಳು. ನಕ್ಕು, ಹುಣಿಸೆ ರಸ ಹಾಕಿ, ತಾಟಿಬೆಲ್ಲ ಹಾಕಿ, ಪಕ್ಕದ ಶೀಶೆ ಎತ್ತಿ ಒಂದು ಸುತ್ತು ಸುರಿದಳು.

"ರೀ, ಆ ಶೀಶೆ ಏನು?" ಎಂದರು ಅತ್ತಿಗೆ.

"ಸೋಯಾ ಸಾಸು."

"ಅದರ ಮೇಲೆ ಎಂಥದೋ ಹತ್ತು ಕಾಲಿನ ಪ್ರಾಣಿ ಚಿತ್ರ ಇತ್ತಲ್ರೀ."

"ಅದು ಕಂಪನಿ ಗುರುತು ಕಣೇ. ಒಂಟೆ ಗುರುತಿನ ಇಂಕಿನಲ್ಲಿ ಒಂಟೆ ಇರುತ್ತಾ?"

ಷಡ್ಡಕರ ತರ್ಕದಲ್ಲಿ ತಪ್ಪಿಲ್ಲ. ಆ ಗುರುತಿನ ಶೀಶೆಯಲ್ಲಿ ಆ ಹತ್ತು ಕಾಲಿನ ಪ್ರಾಣಿ ಖಂಡಿತ ಇರುವುದಿಲ್ಲ. ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಳಿತ ಸಣ್ಣ ಮೀನುಗಳ ರಸ ಇರುತ್ತದೆ. ಥಾಯ್ ಅಡುಗೆಯಲ್ಲಿ ನಮ್ಮ ಉಪ್ಪಿನ ಕೆಲಸವನ್ನೆಲ್ಲ ಮಾಡುವುದು ಅದೇ. ನಾನು ಬಾಯಿ ಬಿಡುವುದೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಷಡ್ಡಕರು ಅರ್ಧ ತಟ್ಟೆ ಮುಗಿಸಿ ಕಣ್ಣು ಮುಚ್ಚಿದ್ದರು. "ಏನೋ ಒಂದು ಆಳ ಇದೆ ಕಣ್ರೀ ಇದರ ರುಚೀಲಿ. ನಮ್ಮವರ ಸೋಯಾ ಸಾಸಿಗೆ ಇದು ಬರಲ್ಲ." ಅತ್ತಿಗೆ ನನ್ನ ಮುಖ ನೋಡಿದರು. ನಾನು ಚಿನ್ನದಂಗಡಿಯ ಬೋರ್ಡು ನೋಡಿದೆ.

ಮರುದಿನದಿಂದ ಅತ್ತಿಗೆ ಕಾರ್ಯಭಾರ ವಹಿಸಿಕೊಂಡರು. ನಮ್ಮ ಗುಂಪಿನ ಗೈಡನ್ನು ಹಿಡಿದು ಕೇಳಿ, ಹಳದಿ ಬಾವುಟದ ಮೇಲೆ ಕೆಂಪಕ್ಷರವಿರುವ ಗಾಡಿ ಹುಡುಕಬೇಕು ಎಂದು ತಿಳಿದುಕೊಂಡರು. 'ಜೇ' ಊಟದ ಬಾವುಟ ಅದು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಹಲವು ವರ್ಷ ನಮ್ಮ ನವರಾತ್ರಿಯ ಹೊತ್ತಿಗೇ, ಅಲ್ಲಿ ಈ ವ್ರತ ಜೋರಾಗಿ ನಡೆಯುತ್ತದೆ. ಆಗ ಬೀದಿಗೆ ಬೀದಿಯೇ ಹಳದಿಯಾಗುತ್ತದಂತೆ. ಉಳಿದ ಕಾಲದಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಮಾಂಸ, ಮೀನು, ಮೊಟ್ಟೆ, ಹಾಲಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. "ನಮ್ಮ ಅತ್ತೆಮನೆ ಚಾತುರ್ಮಾಸ್ಯಕ್ಕಿಂತ ಬಿಗಿ" ಎಂದು ಅತ್ತಿಗೆಗೆ ಬಹಳ ಸಮಾಧಾನವಾಯಿತು. ಷಡ್ಡಕರಿಗೆ ಪಿಚ್ಚೆನಿಸಿತು. ಮಡಿಯ ಊಟಕ್ಕೆ ಇಷ್ಟು ದೂರ ಬಂದಂತಾಯಿತಲ್ಲ ಎಂಬ ಕೊರಗು.

ಅವರ ಕೊರಗು ಹೆಚ್ಚಿದ್ದು ಖನೋಮ್ ಕ್ರೋಕ್ ಗಾಡಿಯ ಹತ್ತಿರ. ಒಬ್ಬ ಅಜ್ಜಿ ಗುಳಿಗುಳಿಯ ಕಬ್ಬಿಣದ ಹಂಚಿಟ್ಟುಕೊಂಡು, ಅಕ್ಕಿಹಿಟ್ಟಿಗೆ ತೆಂಗಿನ ಹಾಲು, ಸಕ್ಕರೆ ಬೆರೆಸಿದ ಹಿಟ್ಟನ್ನು ಕುಳಿಗೆ ಹೊಯ್ಯುತ್ತಿದ್ದಳು. ಮೇಲೆ ಕೆಲವಕ್ಕೆ ಜೋಳದ ಕಾಳು, ಕೆಲವಕ್ಕೆ ಕೆಸುವಿನ ಗೆಡ್ಡೆಯ ಚೂರು. ಬೆಂದ ಎರಡು ಅರ್ಧಗಳನ್ನು ಮುಖಕ್ಕೆ ಮುಖ ಜೋಡಿಸಿ ಕೊಡುವುದು.

"ಅಯ್ಯೋ, ಪಡ್ಡು!" ಎಂದರು ಅತ್ತಿಗೆ.

"ಪಡ್ಡಲ್ಲ, ಖನೋಮ್ ಕ್ರೋಕ್. ಎಲ್ಲಾದ್ರಲ್ಲೂ ನಮ್ಮದನ್ನೇ ನೋಡಬಾರ್ದು" ಎಂದರು ಷಡ್ಡಕರು ಖಾರವಾಗಿ. ಮನೆಯಲ್ಲಿ ಶನಿವಾರ ಶನಿವಾರ ಪಡ್ಡಿನ ಹಂಚು ಒಲೆಗೇರಿದಾಗ "ಇವತ್ತೂ ಇದೇನಾ?" ಎಂದು ಗೊಣಗುವುದು ಇದೇ ಬಾಯಿ. ಈಗ ಅದೇ ಬಾಯಿ ನಾಲಿಗೆ ಸುಟ್ಟುಕೊಂಡು, ಹಾ ಹೂ ಎನ್ನುತ್ತ, ಒಂದು ಪೊಟ್ಟಣ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿತು. ಅತ್ತಿಗೆ ಅಷ್ಟರಲ್ಲಿ ಗಾಡಿಯ ಆ ಬದಿಗೆ ಹೋಗಿ ಅಜ್ಜಿಯ ಪಕ್ಕದಲ್ಲೇ ನಿಂತುಬಿಟ್ಟಿದ್ದರು. ಅಂಚು ಬಿಡಿಸುವಾಗ ಚಮಚ ಎಲ್ಲಿಂದ ಹಾಕಬೇಕು, ನಡುವಿನ ಕುಳಿ ಬೇಗ ಸೀಯುತ್ತದೆ, ಉರಿ ತಗ್ಗಿಸಬೇಕು ಎಂಬೆಲ್ಲ ಸಂಗತಿ ಇಬ್ಬರ ಕೈಬಾಯಿಯಲ್ಲೇ ವಿನಿಮಯವಾಯಿತು. ಮೂರು ದೇಶ ಸುತ್ತಿದ ನಮ್ಮ ಗುಂಪಿನಲ್ಲಿ ಅಲ್ಲಿಯವರೊಬ್ಬರ ಜೊತೆ ನಿಜಕ್ಕೂ ಮಾತಾಡಿದವರು ಅತ್ತಿಗೆಯೊಬ್ಬರೇ ಎಂದು ನನ್ನ ಅಂದಾಜು. ಕೊನೆಗೆ ಬಂದು, "ಚೆನ್ನಾಗಿದೆ, ಆದರೆ ಒಗ್ಗರಣೆ ಬೇಕಿತ್ತು" ಎಂದು ತೀರ್ಪು ಕೊಟ್ಟರು.

ಖಾವೊ ಸಾನ್ ರಸ್ತೆಯ ಪ್ರಸಂಗ ಬೇರೆ. ಅಲ್ಲಿ ತಟ್ಟೆಗಳಲ್ಲಿ ಕರಿದ ಮಿಡತೆ, ಹುಳು, ಕಡ್ಡಿಗೆ ಸಿಕ್ಕಿಸಿದ ಕಪ್ಪು ಚೇಳು ಪೇರಿಸಿಟ್ಟಿರುತ್ತಾರೆ. ಥಾಯ್ಲೆಂಡಿನ ಈಶಾನ್ಯದ ಹಳ್ಳಿಗಳಲ್ಲಿ ಮಿಡತೆ, ರೇಷ್ಮೆ ಹುಳುವಿನ ಕೋಶ ಎಲ್ಲ ನಿಜವಾದ ಊಟವೇ. ಈ ಚೇಳು ಮಾತ್ರ ಬಹುಮಟ್ಟಿಗೆ ಪ್ರವಾಸಿಗರಿಗೆಂದು ನಿಂತದ್ದು, ಪಕ್ಕದಲ್ಲೇ 'ಫೋಟೋಗೆ 10 ಬಾತ್' ಎಂಬ ಬೋರ್ಡೂ ಇತ್ತು. ಮನೆಯ ಹತ್ತಿರ ಕೊತ್ತಂಬರಿ ಸೊಪ್ಪಿಗೆ ಐದು ರೂಪಾಯಿ ಚೌಕಾಶಿ ಮಾಡುವ ಷಡ್ಡಕರು, ಬಾತಿಗೆ ಎರಡೂವರೆ ಮೂರು ರೂಪಾಯಿಯ ಲೆಕ್ಕ ಹಾಕಿ, ತುಟಿ ಪಿಟಕ್ಕೆನ್ನದೆ ಹಣ ಕೊಟ್ಟರು. ಕಡ್ಡಿಯನ್ನು ಬಾಯಿಯ ಹತ್ತಿರ ಹಿಡಿದು, ಬಾಯಿ ಅಗಲಿಸಿ, ಕಣ್ಣರಳಿಸಿ, ನನ್ನಿಂದ ನಾಲ್ಕಾರು ಕೋನಗಳಲ್ಲಿ ಫೋಟೋ ತೆಗೆಸಿ, ಕಡ್ಡಿಯನ್ನು ಗೌರವದಿಂದ ಹಿಂತಿರುಗಿಸಿದರು. 'ಬೀದಿಯೇ ಬದುಕು' ಎಂಬ ಒಕ್ಕಣೆಯೊಂದಿಗೆ ಫೋಟೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಯಿತು.

ಕಾಲು ಗಂಟೆಯೊಳಗೆ ಮೈಸೂರಿನಿಂದ ನಮ್ಮ ಅತ್ತೆಯವರ ಫೋನು. ಎಂಬತ್ತು ದಾಟಿದವರು, ಧ್ವನಿ ಮಾತ್ರ ಗಟ್ಟಿ. ಮಗಳಿಗೆ ಕೇಳಿದರು: "ಏನೇ ಅದು, ದೊಡ್ಡಳಿಯಂದಿರು ಚೇಳು ತಿಂದರಂತೆ?" ಗುಂಪಿನಲ್ಲಿ ಅಷ್ಟರಲ್ಲೇ ಪ್ರಾಯಶ್ಚಿತ್ತದ ವಿಧಾನಗಳು, ವಿಷದ ಲಕ್ಷಣಗಳು, ಒಂದು ಹೆಬ್ಬೆರಳು, ಸೋದರಳಿಯನ ನಗುವಿನ ಮುಖಗಳು ಸಾಲಾಗಿ ಬಿದ್ದಿದ್ದವು. ಷಡ್ಡಕರು ಯಾವುದನ್ನೂ ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ಒಬ್ಬೊಬ್ಬರ ಉದ್ಗಾರವನ್ನೂ ಬೆರಳಿನಿಂದ ಮೇಲೆ ಸರಿಸಿ ಸರಿಸಿ ಓದುತ್ತ ಬಸ್ಸಿನಲ್ಲಿ ಸುಖವಾಗಿ ಕೂತಿದ್ದರು. ಎಂದರೆ, ಮೊದಲು ನಾನು ಅಂದುಕೊಂಡ ಗುಟ್ಟು ಅರ್ಧ ಮಾತ್ರ. ತಿನ್ನುವಾಗ ಆ ನಾಲ್ಕು ಜನ ಎದುರಿಗಿರಬಾರದು. ತಿಂದದ್ದು ಮಾತ್ರ ಅದೇ ನಾಲ್ಕು ಜನಕ್ಕೆ ತಿಳಿಯಲೇಬೇಕು. ತಿನ್ನದಿದ್ದರೂ ತಿಳಿಯಬೇಕು.

ಮಲೇಷಿಯಾದ ಪಿನಾಂಗಿನಲ್ಲಿ ಇದಕ್ಕೆ ಪುರಾವೆ ಸಿಕ್ಕಿತು. ಅಲ್ಲಿನ ಜಾರ್ಜ್ ಟೌನ್ ತಿಂಡಿಗೆ ಹೆಸರಾದ ಊರು. ಯುನೆಸ್ಕೊ 2008ರಲ್ಲಿ ಪಾರಂಪರಿಕ ತಾಣವೆಂದು ಸೇರಿಸಿಕೊಂಡದ್ದು ಕಟ್ಟಡಗಳ ಕಾರಣಕ್ಕಾದರೂ ಜನ ಬರುವುದು ಹೊಟ್ಟೆಯ ಕಾರಣಕ್ಕೆ. ತಮಿಳು ಮುಸಲ್ಮಾನರು ಹಿಂದೆ ಹೆಗಲ ಮೇಲೆ ಅಡ್ಡೆ ಹೊತ್ತು, ಒಂದು ತುದಿಗೆ ಅನ್ನ ಇನ್ನೊಂದು ತುದಿಗೆ ಸಾರು ತೂಗಿಸಿಕೊಂಡು ಬಂದರಿನ ಕೂಲಿಗಳಿಗೆ ಮಾರುತ್ತಿದ್ದ ಊಟವೇ ಇಂದಿನ ನಾಸಿ ಕಂದರ್ ಎಂದು ಷಡ್ಡಕರು ಅಂಗಡಿಯ ಹೊರಗೆ ನಿಂತು ವಿವರಿಸಿದರು. ಒಳಗಿದ್ದದ್ದು ಅವರು ತಿನ್ನುವಂಥದ್ದಲ್ಲ. ಒಂದು ಚೀನೀ ಸಸ್ಯಾಹಾರಿ ಅಂಗಡಿಗೆ ಹೋದೆವು. ಅಲ್ಲಿ ಸೋಯಾ, ಗೋಧಿಯ ಅಂಟಿನಲ್ಲಿ ಬಾತುಕೋಳಿಯನ್ನು ಚರ್ಮದ ಸಮೇತ ಹಾಗೆ ಹಾಗೇ ಮಾಡಿಟ್ಟಿದ್ದರು. ಚೇಳನ್ನು ಬಾಯಿಯ ಹತ್ತಿರ ಹಿಡಿದ ಧೀರರು ಹಿಟ್ಟಿನ ಬಾತುಕೋಳಿ ಕಂಡು ಹೊರಗೋಡಿ ಬಂದರು. ಪಿನಾಂಗ್ ರಸ್ತೆಯ ಪಕ್ಕದ ಓಣಿಯಲ್ಲಿ ಚೆಂಡೋಲ್ ಸಿಕ್ಕಿತು: ತೆಂಗಿನ ಹಾಲು, ತಾಟಿಬೆಲ್ಲದ ಪಾಕ, ಕೆಂಪು ಕಾಳು, ಮಂಜುಗಡ್ಡೆಯ ಪುಡಿ, ಅದರೊಳಗೆ ಹಸಿರು ಹುಳುಗಳಂತೆ ಕಾಣುವ ಅಕ್ಕಿಹಿಟ್ಟಿನ ಎಳೆಗಳು. ಹಸಿರು ಹುಳುಗಳ ಫೋಟೋ ಗುಂಪಿಗೆ ಹೋಯಿತು.

ಆದರೆ ಅವರು ಆ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ತಿಂದದ್ದು ಪುಟ್ಟು ಮಾಯಮ್. ತಮಿಳರೊಬ್ಬರು ಮೋಟರ್‌ಬೈಕಿನ ಹಿಂದೆ ಡಬ್ಬ ಕಟ್ಟಿಕೊಂಡು ಮಾರುತ್ತಿದ್ದರು. ಬಿಳಿಯ ಒತ್ತು ಶ್ಯಾವಿಗೆ, ಮೇಲೆ ತೆಂಗಿನ ತುರಿ, ಕಂದು ಸಕ್ಕರೆ. ಬಗ್ಗಿ ನೋಡಿದರೂ ತಪ್ಪು ಹುಡುಕುವಂಥದ್ದೇನಿಲ್ಲ, ತಾಯಿಯ ಮನೆಯ ಒತ್ತು ಶ್ಯಾವಿಗೆ. ಷಡ್ಡಕರು ಕಣ್ಣು ಮುಚ್ಚಲಿಲ್ಲ, ಆಳ ಅಗಲ ಮಾತಾಡಲಿಲ್ಲ. ಪೊಟ್ಟಣದ ಮೇಲೆ ಪೊಟ್ಟಣ, ಸುಮ್ಮನೆ ತಿಂದರು. ಆ ಫೋಟೋ ಗುಂಪಿಗೆ ಹೋಗಲಿಲ್ಲ.

ಹೊಟ್ಟೆ ಕೆಟ್ಟದ್ದೂ ಪಿನಾಂಗಿನಲ್ಲೇ. ಬೀದಿಯಿಂದಲ್ಲ. ನಾವು ಇಳಿದಿದ್ದ ಹೋಟೆಲಿನ ಬೆಳಗಿನ ಬಫೆಯಲ್ಲಿ, ಹೊತ್ತಿಗೆ ಮುಂಚೆ ಮಾಡಿ ಮುಚ್ಚಳದಡಿ ಉಗುರುಬೆಚ್ಚಗೆ ಇಟ್ಟಿದ್ದ ಎಂಥದೋ ಕ್ರೀಮಿನ ಪದಾರ್ಥವನ್ನು, ಪುಕ್ಕಟೆ ಎಂಬ ಕಾರಣಕ್ಕೆ, ಷಡ್ಡಕರು ಮೂರು ಸಲ ಹಾಕಿಸಿಕೊಂಡಿದ್ದರು. ಗಾಡಿಯ ತಿಂಡಿಯಾದರೋ ಕಣ್ಣೆದುರಿಗೇ ಕುದಿಯುತ್ತದೆ, ಕರಿಯುತ್ತದೆ, ಆರುವ ಮೊದಲೇ ಖಾಲಿಯಾಗುತ್ತದೆ. ರೋಗಾಣುವಿಗೆ ಅಲ್ಲಿ ಕೂರಲು ಪುರುಸೊತ್ತಿಲ್ಲ. ಗಾಂಧಿ ಬಜಾರಿನ ಬೋಂಡಕ್ಕೂ ಈ ಮಾತು ಒಪ್ಪುತ್ತದೆ ಎಂದು ನಾನು ಹೇಳಬಹುದಿತ್ತು. ಷಡ್ಡಕರು ಬಾತ್‌ರೂಮಿನ ಒಳಗಿನಿಂದಲೇ ವರದಿ ಕೊಟ್ಟರು: "ಆ ಗುಂಪಿನ ಅಡುಗೆಯವನ ಮೊಸರನ್ನದ್ದೇ ಕೆಲಸ. ನಮ್ಮವರ ಶುಚಿತ್ವ ಗೊತ್ತಲ್ಲ." ಅತ್ತಿಗೆಯ ಓಮದ ಪುಡಿ, ಅಡುಗೆಯವರು ಪಾಪ ಪ್ರೀತಿಯಿಂದ ಮಾಡಿಕೊಟ್ಟ ಗಂಜಿ ಸೇರಿ ಅವರನ್ನು ಸಿಂಗಾಪುರಕ್ಕೆ ಮುಟ್ಟಿಸಿದವು.

ಸಿಂಗಾಪುರ ಅವರಿಗೆ ಮೊದಲು ನಿರಾಸೆ ಮಾಡಿತು. ಅಲ್ಲಿ ಬೀದಿ ತಿಂಡಿ ಇದೆ, ಬೀದಿಯಲ್ಲಿಲ್ಲ. 1970ರ ದಶಕದ ಆರಂಭದಿಂದ 80ರ ದಶಕದ ನಡುವಿನವರೆಗೆ ಸರ್ಕಾರ ಗಾಡಿಯವರನ್ನೆಲ್ಲ ರಸ್ತೆಯಿಂದ ಎಬ್ಬಿಸಿ, ನಲ್ಲಿ, ಚರಂಡಿ, ಛಾವಣಿ ಇರುವ ಹಾಕರ್ ಸೆಂಟರುಗಳಿಗೆ ಸೇರಿಸಿತು. ಎತ್ತಂಗಡಿ ಮಾಡಿದರು ನಿಜ, ಆದರೆ ಕೂರಲು ಜಾಗ ಕೊಟ್ಟು. ಆ ವ್ಯವಸ್ಥೆಯನ್ನೇ ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಒಳಗೆ ಹೋದ ಮೇಲೆ ಷಡ್ಡಕರ ಮುಖ ಅರಳಿತು. ಅಂಗಡಿಗಳ ನೆತ್ತಿಯ ಮೇಲೆ ಶುಚಿತ್ವದ ದರ್ಜೆಯ ಫಲಕ: ಎ, ಬಿ, ಸಿ. 1997ರಲ್ಲಿ ಶುರುವಾದ ಪದ್ಧತಿ ಅದು. ಜನ್ಮವಿಡೀ ಪಾನಿಪೂರಿ ಹುಡುಗರ ಹತ್ತಿರ ಕೇಳಿದ್ದು ಇಲ್ಲಿ ತಾನಾಗಿಯೇ ಗೋಡೆಗೆ ನೇತುಬಿದ್ದಿದೆ! ಪ್ರತಿ ಅಂಗಡಿಯ ಮುಂದೆಯೂ ನಿಂತು ಓದಿದರು. 2016ರಲ್ಲಿ ಮಿಶೆಲಿನ್ ತಾರೆ ಪಡೆದ ಸೋಯಾ ಕೋಳಿ ಅನ್ನದ ಅಂಗಡಿಯ ಬೋರ್ಡಿನ ಜೊತೆ ಸೆಲ್ಫಿಯೂ ಆಯಿತು. ಕೋಳಿಗೂ ಅವರಿಗೂ ಸಂಬಂಧವಿಲ್ಲ, ತಾರೆಗೆ ಉಂಟು.

ಮಧ್ಯಾಹ್ನದ ಜನಸಂದಣಿ. ಮೇಜುಗಳೆಲ್ಲ ಖಾಲಿ, ಆದರೆ ಒಂದೊಂದರ ಮೇಲೂ ಒಂದೊಂದು ಟಿಶ್ಯೂ ಪೊಟ್ಟಣ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ ಅಲ್ಲಿ ಟಿಶ್ಯೂ ಇಟ್ಟು ಮೇಜು ಹಿಡಿಯುತ್ತಾರೆ. ಅದನ್ನು ಯಾರೂ ಮುಟ್ಟುವುದಿಲ್ಲ. ಷಡ್ಡಕರಿಗೆ ಈ ಕಾನೂನು ಕಲಿಸಬೇಕಾಗಲಿಲ್ಲ. ಜೇಬಿನಿಂದ ಕರ್ಚೀಫು, ಟೋಪಿ, ಕನ್ನಡಕದ ಡಬ್ಬಿ, ಟಿಶ್ಯೂ ತೆಗೆದು ಒಂದೇ ಏಟಿಗೆ ನಾಲ್ಕು ಸೀಟು ಹಿಡಿದರು. ಕಾಫಿ ತಂದೆ. ಸಕ್ಕರೆ, ಬೆಣ್ಣೆಯ ಜೊತೆ ಕಪ್ಪಗೆ ಹುರಿದ ಬೀಜದ ಕಾಫಿ, ಅಡಿಯಲ್ಲಿ ಗಟ್ಟಿ ಸಿಹಿಹಾಲು. ಒಂದು ಗುಟುಕು ಕುಡಿದು ಏನನ್ನೂ ಹೇಳದೆ ಲೋಟವನ್ನು ಅತ್ತಿಗೆಯ ಕಡೆ ತಳ್ಳಿದರು. ಕಾಫಿಯ ವಿಷಯದಲ್ಲಿ ಅವರು ಎಂದೂ ಬೂಟಾಟಿಕೆ ಮಾಡಿದವರಲ್ಲ; ಇಷ್ಟನ್ನು ಅವರ ಪರವಾಗಿ ಹೇಳಲೇಬೇಕು.

ಊಟ ಮುಗಿಯಿತು. ಷಡ್ಡಕರು ಅಭ್ಯಾಸದಂತೆ ತಟ್ಟೆಯನ್ನು ಎರಡಂಗುಲ ಮುಂದಕ್ಕೆ ನೂಕಿ ಎದ್ದರು. ಮದುವೆಯಾದಂದಿನಿಂದ ಅವರ ತಟ್ಟೆ ಇದಕ್ಕಿಂತ ದೂರ ಪ್ರಯಾಣ ಮಾಡಿಲ್ಲ. ಆಗ ಕಂಬದ ಮೇಲಿನ ಫಲಕ ಕಣ್ಣಿಗೆ ಬಿತ್ತು. ತಿಂದ ತಟ್ಟೆಯನ್ನು ತಾವೇ ಎತ್ತಿ ಇಡುವುದು ಅಲ್ಲಿ ಕಡ್ಡಾಯ. 2021ರ ಸೆಪ್ಟೆಂಬರಿನಿಂದ ಹಾಕರ್ ಸೆಂಟರುಗಳಲ್ಲಿ ಇದು ಜಾರಿಯಲ್ಲಿದೆ. ಮೊದಲ ಸಲ ಸಿಕ್ಕಿಬಿದ್ದರೆ ಲಿಖಿತ ಎಚ್ಚರಿಕೆ, ಎರಡನೇ ಸಲಕ್ಕೆ 300 ಡಾಲರ್ ದಂಡ. ಷಡ್ಡಕರ ತುಟಿ ಗುಣಾಕಾರಕ್ಕೆ ಅಲುಗಾಡಿತು. "ಇಪ್ಪತ್ತು ಸಾವಿರದ ಹತ್ತಿರ ಆಗುತ್ತೆ" ಎಂದರು.

"ಅದು ಎರಡನೇ ಸಲಕ್ಕೆ ಭಾವ. ಮೊದಲನೇ ಸಲ ಬರೀ ಮೆಮೊ" ಎಂದಳು ನನ್ನ ಹೆಂಡತಿ.

"ಮೆಮೊನಾ!" ಅವರು ನಿಜಕ್ಕೂ ಬೆವರಿದ್ದು ಆಗಲೇ. "ಅಷ್ಟು ವರ್ಷ ಸರ್ವೀಸಿನಲ್ಲಿ ಒಂದು ಮೆಮೊ ತಗೊಂಡೋನಲ್ಲ ನಾನು."

ಸೀಟು ಹಿಡಿದ ಅದೇ ಟಿಶ್ಯೂ ಬಿಚ್ಚಿ ಮೇಜು ಒರೆಸಿದರು. ಚೆಲ್ಲಿದ ಅಗುಳು ಆರಿಸಿದರು. ತಮ್ಮ ತಟ್ಟೆ, ಅತ್ತಿಗೆಯ ತಟ್ಟೆ, ನಮ್ಮಿಬ್ಬರದೂ ಸೇರಿಸಿ ಟ್ರೇಗೆ ಪೇರಿಸಿ, ಎರಡೂ ಕೈಯಲ್ಲಿ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಟ್ರೇ ಇಡುವ ಕಪಾಟಿನ ಕಡೆ ನಡೆದರು. ಅತ್ತಿಗೆ ಇಡೀ ಪ್ರವಾಸದಲ್ಲಿ ಒಂದು ಫೋಟೋ ತೆಗೆದವರಲ್ಲ. ಈಗ ಚೀಲದಿಂದ ಫೋನು ತೆಗೆದು, ಹೋಗುವುದು, ಇಡುವುದು, ಕೈ ತೊಳೆಯುವುದು, ವಾಪಸು ಬರುವುದು ಎಲ್ಲವನ್ನೂ ವಿಡಿಯೊ ಹಿಡಿದು, ಒಕ್ಕಣೆ ಕೂಡ ಬರೆಯದೆ ಗುಂಪಿಗೆ ಕಳಿಸಿದರು.

ಆ ದಿನ ಗುಂಪಿನಲ್ಲಿ ಬಿದ್ದ ಉದ್ಗಾರಗಳ ಮುಂದೆ ಚೇಳು ಏನೂ ಅಲ್ಲ. ಷಡ್ಡಕರು ಫೋನು ತಲೆಕೆಳಗೆ ಮಾಡಿ ಮೇಜಿನ ಮೇಲಿಟ್ಟರು. ಮೈಸೂರಿನಿಂದ ಮಾತ್ರ ಬಹಳ ಹೊತ್ತು ಸದ್ದಿಲ್ಲ. ಸಂಜೆ ಅತ್ತಿಗೆಗೆ ಫೋನು ಬಂತು, ಸ್ಪೀಕರಿನಲ್ಲಿತ್ತು, ಬಸ್ಸಿನಲ್ಲಿ ಮುಂದಿನ ಮೂರು ಸಾಲಿಗೂ ಕೇಳಿಸಿತು.

"ಆ ತಟ್ಟೆಗಳನ್ನ ನಿಜವಾಗ್ಲೂ ಎತ್ತಿಟ್ಟರೇನೇ, ಇಲ್ಲ ಚೇಳಿನ ಹಾಗೆ ಫೋಟೋಗೆ ಹಿಡ್ಕೊಂಡು ವಾಪಸ್ ಕೊಟ್ಟರೋ, ಸರಿಯಾಗಿ ವಿಚಾರಿಸು."